ಚಿನ್ನದ ಲೇಖನಿಯ ಮುಚ್ಚಳಿಕೆ

ಪದೇ ಪದೇ ಹೊಡೆದಾಟಕ್ಕಿಳಿಯುವವರನ್ನು ಠಾಣೆಗೆ ಕರೆಸಿ, ಇನ್ನು ಮುಂದೆ ಜಗಳದ ತಂಟೆಗೆ ಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳುವುದು ನಮ್ಮ ಪೊಲೀಸರ ರೂಢಿ. 1928ರ ಆಗಸ್ಟ್ 27ರಂದು ಪ್ಯಾರಿಸ್‌ನಲ್ಲಿ ಹದಿನೈದು ದೇಶಗಳು ಇನ್ನು ಯುದ್ಧ ಮಾಡುವುದಿಲ್ಲವೆಂಬ ಇಂಥದೇ ಒಂದು ಮುಚ್ಚಳಿಕೆಗೆ, ಅಂದರೆ ಕೆಲಾಗ್-ಬ್ರಿಯಾಂ ಒಪ್ಪಂದಕ್ಕೆ, ರುಜು ಹಾಕಿದವು. ಅಲ್ಲಿ ಠಾಣೆಯೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಬರೆದುಕೊಟ್ಟವರೇ ಬರೆಸಿಕೊಂಡವರೂ ಆಗಿದ್ದರು.

ಫ್ರಾನ್ಸಿನ ವಿದೇಶಾಂಗ ಸಚಿವಾಲಯದ ಗಡಿಯಾರದ ಸಭಾಂಗಣವೇ ಅಂದಿನ ಮಂಟಪ. ಅಮೆರಿಕದ ವಿದೇಶಾಂಗ ಸಚಿವ ಫ್ರ್ಯಾಂಕ್ ಕೆಲಾಗ್ ಅವರಿಗೆ ಲೆ ಹಾವ್ರ್ ನಗರದವರು ಉಡುಗೊರೆಯಾಗಿ ಕೊಟ್ಟಿದ್ದ ಚಿನ್ನದ ಲೇಖನಿಯ ಮೇಲೆ, ಶಾಂತಿ ಬೇಕಿದ್ದರೆ ಶಾಂತಿಗೆ ಸಿದ್ಧನಾಗು ಎಂಬ ಲ್ಯಾಟಿನ್ ವಾಕ್ಯ ಕೆತ್ತಲಾಗಿತ್ತು. ಶಾಂತಿ ಬೇಕಿದ್ದರೆ ಯುದ್ಧಕ್ಕೆ ಸಿದ್ಧನಾಗು ಎಂಬ ಹಳೆಯ ಗಾದೆಯ ಒಂದೇ ಒಂದು ಪದವನ್ನು ಅಕ್ಕಸಾಲಿಗ ಬದಲಾಯಿಸಿದ್ದ. ಆ ದಿನ ನಡೆದ ನಿಶ್ಶಸ್ತ್ರೀಕರಣ ಅಷ್ಟೇ.

ಇದಕ್ಕೆಲ್ಲ ಮೂಲ ಫ್ರಾನ್ಸಿನ ವಿದೇಶಾಂಗ ಸಚಿವ ಅರಿಸ್ಟೀಡ್ ಬ್ರಿಯಾಂ. ನಾವಿಬ್ಬರೂ ಪರಸ್ಪರ ಯುದ್ಧ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಳ್ಳೋಣವೆಂದು ಅವರು 1927ರ ಏಪ್ರಿಲ್‌ನಲ್ಲಿ ಅಮೆರಿಕವನ್ನು ಕರೆದರು. ಇದು ಮೈತ್ರಿಯ ಗಂಟು ಹಾಕುವ ಹೂಟವೆಂದು ಅಳುಕಿದ ಕೆಲಾಗ್, ಲೋಕದ ದೇಶಗಳನ್ನೆಲ್ಲ ಕರೆಯೋಣವೆಂದು ಮರುತ್ತರ ಕೊಟ್ಟರು. ಒಲ್ಲದ ಸಂಬಂಧದಿಂದ ತಪ್ಪಿಸಿಕೊಳ್ಳಲು ಇಡೀ ಊರಿಗೆ ಊಟ ಹಾಕಿಸಿದಂತಾಯಿತು. ಈ ಜಾಣತನಕ್ಕೆ ಅವರಿಗೆ 1929ನೇ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಒಪ್ಪಂದದ ತಿರುಳು ಎರಡೇ ಕಲಮುಗಳಲ್ಲಿದೆ. ರಾಷ್ಟ್ರನೀತಿಯ ಸಾಧನವಾಗಿ ಯುದ್ಧವನ್ನು ತ್ಯಜಿಸುತ್ತೇವೆ ಎಂಬುದು ಮೊದಲನೆಯದು; ಎಂಥ ವಿವಾದವೇ ಇರಲಿ, ಶಾಂತಿಯುತವಾಗಿಯೇ ಬಗೆಹರಿಸಿಕೊಳ್ಳುತ್ತೇವೆ ಎಂಬುದು ಎರಡನೆಯದು. ಎರಡು ಕೋಣೆಯ ಮನೆಯ ಬಾಡಿಗೆ ಕರಾರಿನಲ್ಲಿಯೂ ತಪ್ಪಿ ನಡೆದರೆ ಏನು ಎಂಬ ಷರತ್ತು ಇದ್ದೇ ಇರುತ್ತದೆ. ಇಲ್ಲಿಯೂ ಇಲ್ಲದಿಲ್ಲ: ಯುದ್ಧಕ್ಕೆ ಇಳಿದ ದೇಶಕ್ಕೆ ಈ ಒಪ್ಪಂದದ ಪ್ರಯೋಜನ ದೊರೆಯತಕ್ಕದ್ದಲ್ಲ ಎಂದು ಪೀಠಿಕೆಯಲ್ಲಿ ಹೇಳಲಾಗಿದೆ. ಮಾಂಸದ ಅಂಗಡಿಗೆ ನುಗ್ಗಿದ ತೋಳಕ್ಕೆ ಇನ್ನು ಮುಂದೆ ಸೊಪ್ಪು ಹಾಕುವುದಿಲ್ಲವೆಂದು ಬೆದರಿಸಿದಂತೆ.

ನಿಜವಾದ ಕರಾರು ಇದ್ದದ್ದು ರುಜುವಿಗೆ ಮೊದಲು ಓಡಾಡಿದ ಪತ್ರಗಳಲ್ಲಿ. ಆತ್ಮರಕ್ಷಣೆಗೆ ಅಡ್ಡಿಯಿಲ್ಲ, ಮತ್ತು ಯಾವುದು ಆತ್ಮರಕ್ಷಣೆ ಎಂಬುದನ್ನು ಆಯಾ ದೇಶವೇ ತೀರ್ಮಾನಿಸಿಕೊಳ್ಳಬಹುದೆಂದು ಅಲ್ಲಿ ಸ್ಪಷ್ಟವಾಯಿತು. ಭೂಮಿಯ ಕೆಲವು ಪ್ರದೇಶಗಳು ತನ್ನ ಕ್ಷೇಮಕ್ಕೆ ವಿಶೇಷವಾಗಿ ಬೇಕಾದವು, ಅವುಗಳಲ್ಲಿ ತನ್ನ ಕೈ ಕಟ್ಟಬಾರದೆಂದು ಬ್ರಿಟನ್ ಮೊದಲೇ ತಿಳಿಸಿತು. ಯಾವ ಪ್ರದೇಶಗಳೆಂದು ಹೆಸರಿಸುವ ಸಣ್ಣತನಕ್ಕೆ ಮಾತ್ರ ಹೋಗಲಿಲ್ಲ. ಕೆಲಾಗ್ ರುಜು ಹಾಕುವ ಹೊತ್ತಿಗೆ ಅವರದೇ ನೌಕಾಸೈನಿಕರು ನಿಕರಾಗುವಾದಲ್ಲಿ ತಮ್ಮ ವಿರುದ್ಧ ಬಂಡೆದ್ದಿದ್ದ ನಾಯಕ ಸ್ಯಾಂಡಿನೋನನ್ನು ಬೇಟೆಯಾಡುತ್ತಿದ್ದರು.

ಹದಿನೈದರಲ್ಲಿ ಭಾರತವೂ ಒಂದು ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು. ಬ್ರಿಟಿಷ್ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನ್ ಕಾಯಿಲೆ ಬಿದ್ದಿದ್ದರಿಂದ ಲಾರ್ಡ್ ಕುಶೆಂಡನ್ ಪ್ಯಾರಿಸ್‌ಗೆ ಹೋಗಿದ್ದರು. ಅವರು ಮೊದಲು ಬ್ರಿಟನ್ನಿನ ಪರವಾಗಿ ರುಜು ಹಾಕಿದರು. ಆಮೇಲೆ ಭಾರತದ ಪರವಾಗಿಯೂ ಅವರೇ ಹಾಕಿದರು. ಹೀಗೆ ಆಳುವವರೂ ಆಳಿಸಿಕೊಳ್ಳುವವರೂ ಪರಸ್ಪರ ಯುದ್ಧ ಮಾಡುವುದಿಲ್ಲವೆಂದು ಒಂದೇ ಕೈಯಲ್ಲಿ ಮಾತು ಕೊಟ್ಟುಕೊಂಡದ್ದಾಯಿತು. ಮರುದಿನವೇ ಲಖನೌದಲ್ಲಿ ಸರ್ವಪಕ್ಷ ಸಮ್ಮೇಳನ ಸೇರಿ, ಡೊಮಿನಿಯನ್ ಸ್ಥಾನಮಾನ, ಅಂದರೆ ಬ್ರಿಟಿಷ್ ಸಾಮ್ರಾಜ್ಯದೊಳಗೇ ಸ್ವಯಮಾಡಳಿತ, ಕೇಳುವ ನೆಹರೂ ವರದಿಯ ಚರ್ಚೆಗೆ ಕುಳಿತಿತು. ಯುದ್ಧ ತ್ಯಜಿಸುವಷ್ಟು ಸ್ವತಂತ್ರವಾದ ದೇಶಕ್ಕೆ ಇನ್ನೇನು ಬೇಕಿತ್ತೋ ಕಾಣೆ.

ಆ ತಿಂಗಳಿನ ಎಲ್ಲ ನಿಷೇಧಗಳೂ ವ್ಯರ್ಥವಾದವೆಂದರೆ ಅನ್ಯಾಯವಾದೀತು. ಆಗಸ್ಟ್ 2ರಂದು ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯೊಂದಿಗೆ ಗೆದ್ದರು. ಓಟ ಮುಗಿಸಿ ದಣಿದವರನ್ನು ಕಂಡ ಹಿರಿಯರ ಕರುಳು ಚುರ್ರೆಂದು, ಆ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಲಾಯಿತು. 1960ರವರೆಗೆ ಅದು ಮರಳಲಿಲ್ಲ. ಹೆಂಗಸರ ಎರಡು ನಿಮಿಷದ ಓಟವನ್ನು ಮೂವತ್ತೆರಡು ವರ್ಷ ತಡೆದು ನಿಲ್ಲಿಸಲು ಜಗತ್ತಿಗೆ ಚಿನ್ನದ ಲೇಖನಿ ಬೇಕಾಗಲಿಲ್ಲ.

ಯುದ್ಧನಿಷೇಧಕ್ಕೆ ಅಮೆರಿಕದ ಸೆನೆಟ್ 1929ರ ಜನವರಿ 15ರಂದು 85-1 ಮತಗಳಿಂದ ಒಪ್ಪಿಗೆ ಕೊಟ್ಟಿತು. ತಿಂಗಳು ತುಂಬುವುದರೊಳಗೆ ಹದಿನೈದು ಹೊಸ ಯುದ್ಧನೌಕೆಗಳ ಮಸೂದೆಗೂ ಒಪ್ಪಿಗೆ ಕೊಟ್ಟಿತು. ರುಜು ಹಾಕಿದ ದೇಶಕ್ಕೊಂದರಂತೆ ಎಂದು ಲೆಕ್ಕ ಹಾಕಿದ್ದರೋ ಏನೋ.

ಇಷ್ಟಾದರೂ ಒಪ್ಪಂದ ಒಂದು ಪದವನ್ನಂತೂ ನಿರ್ಮೂಲ ಮಾಡಿತು. 1931ರಲ್ಲಿ ಜಪಾನ್ ಮಂಚೂರಿಯಾವನ್ನು ನುಂಗತೊಡಗಿದಾಗ ಅದಕ್ಕೆ ಯುದ್ಧವೆಂದು ಹೆಸರಿಡಲಿಲ್ಲ, ‘ಘಟನೆ’ ಎಂದಿತು. 1937ರಲ್ಲಿ ಚೀನಾದ ಒಳನಾಡಿಗೆ ಸೈನ್ಯ ನುಗ್ಗಿಸಿದ್ದೂ ಘಟನೆಯೇ. ಇಟಲಿ 1935ರಲ್ಲಿ ಇಥಿಯೋಪಿಯಾಕ್ಕೆ ನುಗ್ಗುವಾಗ ಯುದ್ಧ ಘೋಷಿಸುವ ತಪ್ಪನ್ನೇ ಮಾಡಲಿಲ್ಲ. ಘೋಷಿಸಿದರೆ ತಾನೇ ಮುಚ್ಚಳಿಕೆ ಮುರಿದಂತೆ?

ಭಾರತದ ಮಟ್ಟಿಗೆ ಹೇಳುವುದಾದರೆ, 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್ಲಿತ್‌ಗೋ ಇಲ್ಲಿಯ ಯಾವ ಶಾಸನಸಭೆಯನ್ನೂ ಕೇಳದೆ ಈ ದೇಶ ಯುದ್ಧದಲ್ಲಿದೆ ಎಂದು ಪ್ರಕಟಿಸಿದರು. ಯುದ್ಧ ಬಿಡುವಾಗಲೂ ನಮ್ಮನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ದೂರುವುದಕ್ಕೆ ದಾರಿಯಿರಲಿಲ್ಲ.