ಐವತ್ತು ಶೀಟು ಬೇಡ, ಐದು ಸಾಕು

ಕರ್ನಾಟಕದಲ್ಲಿ ಬಾಟನಿ ಓದಿದವರಿಗೆ ಹರ್ಬೇರಿಯಂ ಅಂದರೆ ಏನು ಅಂತ ಹೇಳಬೇಕಿಲ್ಲ. ಗಿಡ ಕಿತ್ತು, ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಇಂಥ ಐವತ್ತು ಶೀಟು ಪ್ರಾಕ್ಟಿಕಲ್ ದಿನ ಒಪ್ಪಿಸುವುದು. ಎಕ್ಸ್‌ಟರ್ನಲ್ ಮೇಷ್ಟ್ರು ಎರಡು ಶೀಟು ತಿರುವಿ ಅಂಕ ಹಾಕುತ್ತಾರೆ. ಆ ಕಟ್ಟು ಬೀರುವಿನ ಮೇಲೆ ಹೋಗುತ್ತದೆ, ಅಲ್ಲಿಂದ ರದ್ದಿಗೆ. ನಾನು ಬಿಎಸ್ಸಿ ಮಾಡಿದ ಕಡೆ ನಡೆಯುತ್ತಿದ್ದುದೂ ಇದೇ.

ಈಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಹೊಟ್ಟೆಪಾಡು ಸಾಫ್ಟ್‌ವೇರ್. ಬಿಡುವಾದ ಶನಿವಾರ ಹತ್ತಿರದ ಸಣ್ಣ ವಿಶ್ವವಿದ್ಯಾಲಯವೊಂದರ ಹರ್ಬೇರಿಯಂನಲ್ಲಿ, ಅಂದರೆ ಇಂಥ ಶೀಟುಗಳನ್ನು ಕಾಪಾಡಿಡುವ ಸಂಗ್ರಹದಲ್ಲಿ, ಬಿಟ್ಟಿ ಚಾಕರಿ ಮಾಡುತ್ತೇನೆ. ನನ್ನ ಹಾಗೆ ಬರುವವರಲ್ಲಿ ರಿಟೈರ್ ಆದ ಟೀಚರುಗಳೇ ಜಾಸ್ತಿ.

ಅಲ್ಲಿ ಗಿಡಕ್ಕಿಂತ ಲೇಬಲ್ಲಿಗೆ ಮರ್ಯಾದೆ. ಗಿಡದ ಹೆಸರು ತಪ್ಪಿದ್ದರೆ ಗಾಬರಿಯಿಲ್ಲ. ಮುಂದೆ ಬಲ್ಲವರು ಬಂದು, ಹಳೇ ಲೇಬಲ್ ಕೀಳದೆ, ಪಕ್ಕದಲ್ಲಿ ಸರಿಯಾದ ಹೆಸರಿನ ಚೀಟಿ ಅಂಟಿಸುತ್ತಾರೆ. ಆದರೆ ಎಲ್ಲಿ ಕಿತ್ತದ್ದು, ಯಾವತ್ತು, ಯಾರು ಅನ್ನುವುದು ಇಲ್ಲದಿದ್ದರೆ ಅದು ಬರೀ ಒಣಹುಲ್ಲು. ನಮ್ಮಲ್ಲಿ ತಿರುಗುಮುರುಗು. ಲ್ಯಾಟಿನ್ ಹೆಸರಿನ ಸ್ಪೆಲ್ಲಿಂಗ್ ತಪ್ಪಿದರೆ ಬೈಗುಳ, ಜಾಗದ ಮುಂದೆ ‘ಕಾಲೇಜ್ ಕ್ಯಾಂಪಸ್’ ಅಂತ ಬರೆದರೆ ಯಾರೂ ಕೇಳುವುದಿಲ್ಲ. ನೂರು ವರ್ಷದ ಹಿಂದೆ ಒಂದು ಗಿಡ ಯಾವ ತಿಂಗಳಲ್ಲಿ ಹೂ ಬಿಡುತ್ತಿತ್ತು, ಈಗ ಎಷ್ಟು ಮುಂಚೆ ಬಿಡುತ್ತಿದೆ ಅಂತ ಲೆಕ್ಕ ಹಾಕುವವರಿಗೆ ಬೇಕಾದ್ದು ಆ ತಾರೀಕು, ಆ ಜಾಗ.

ಇನ್ನೊಂದು ವ್ಯತ್ಯಾಸ ಹುಳದ ವಿಷಯದಲ್ಲಿ. ಬೀಡಿ, ಸಿಗರೇಟು ಕೊರೆಯುವ ಸಣ್ಣ ಕಂದು ಹುಳ ಇದೆಯಲ್ಲ, ಅದಕ್ಕೆ ಒಣ ಗಿಡವೂ ಇಷ್ಟ. ನಮ್ಮ ಕಡೆ ಹಳೇ ರೂಢಿ ಅಂದರೆ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುವುದು, ಆಮೇಲೆ ಬೀರುವಿನಲ್ಲಿ ನುಸಿಗುಳಿಗೆ. ಮೊದಲನೆಯದು ಅಪ್ಪಟ ವಿಷ. ಹುಳಕ್ಕಷ್ಟೇ ಅಲ್ಲ, ಶೀಟು ಮುಟ್ಟುವವರಿಗೂ. ಇಲ್ಲಿ ಶೀಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡುತ್ತಾರೆ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರಿನಂಥದ್ದೇ ಸಾಕು. ಮಲೆನಾಡಿನ ಕಾಲೇಜಾದರೆ ಕರೆಂಟಿನ ಕತೆ ಬೇರೆ, ಒಪ್ಪುತ್ತೇನೆ. ಅಂಥ ಕಡೆ ಎರಡು ಸಲ ಫ್ರೀಜ್ ಮಾಡಬೇಕಾಗಬಹುದು.

ಹೀಗಂತ ಅಮೆರಿಕದವರು ಎಲ್ಲದರಲ್ಲೂ ಜಾಣರು ಅಂದುಕೊಳ್ಳಬೇಡಿ. 2017ರಲ್ಲಿ ಲೂಯಿಸಿಯಾನಾದ ಮನ್ರೋ ವಿಶ್ವವಿದ್ಯಾಲಯ ಓಟದ ಟ್ರ್ಯಾಕ್ ದೊಡ್ಡದು ಮಾಡಲು ಜಾಗ ಬೇಕು ಅಂತ ತನ್ನ ಲಕ್ಷಾಂತರ ಗಿಡಗಳ ಸಂಗ್ರಹವನ್ನು ಖಾಲಿ ಮಾಡಲು ಹೇಳಿತು. ಅದು ಕೊನೆಗೆ ಟೆಕ್ಸಾಸ್ ಸೇರಿತು. 2024ರಲ್ಲಿ ನಮ್ಮ ಪಕ್ಕದ ಡ್ಯೂಕ್ ವಿಶ್ವವಿದ್ಯಾಲಯ, ಎಂಟು ಲಕ್ಷಕ್ಕೂ ಹೆಚ್ಚು ಮಾದರಿಗಳಿದ್ದ ತನ್ನ ಹರ್ಬೇರಿಯಂ ಮುಚ್ಚುತ್ತೇವೆ ಅಂತ ಘೋಷಿಸಿತು. ದುಡ್ಡಿಗೆ ಬರವಿಲ್ಲದ ಕಡೆಯೇ ಹೀಗಾಗುತ್ತದೆ ಅಂದರೆ ಸಂಗ್ರಹ ಉಳಿಯುವುದು ಬರೀ ದುಡ್ಡಿನಿಂದಲ್ಲ. ಆದ್ದರಿಂದ ‘ನಮಗೆ ಗ್ರಾಂಟ್ ಇಲ್ಲ’ ಅನ್ನುವ ನೆಪ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಹಾಗೆ ನೋಡಿದರೆ ಒಳ್ಳೇ ದಾರಿ ತೋರಿಸಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ ಅವರ ತಂಡ ಹಾಸನ ಜಿಲ್ಲೆಯ ಗಿಡಗಳನ್ನು ಸಂಗ್ರಹಿಸಿತು, 1976ರಲ್ಲಿ ಅದರ ಪುಸ್ತಕ ಬಂತು. ಕೆಲಸಕ್ಕೆ ಅಮೆರಿಕದ ಮ್ಯೂಸಿಯಂ ಸಂಸ್ಥೆ ಸ್ಮಿತ್‌ಸೋನಿಯನ್‌ನ ಜೊತೆಯಿತ್ತು, ಒಂದೇ ಗಿಡದ ಎರಡನೇ ಶೀಟು ವಾಷಿಂಗ್ಟನ್‌ಗೆ ಹೋಯಿತು. ಕಾಲೇಜಿನ ಸಂಗ್ರಹ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿತು. ಶೀಟು ಎರಡು ಕಡೆ ಇದ್ದರೆ ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯುತ್ತದೆ. 1943ರಲ್ಲಿ ಬರ್ಲಿನ್ ಹರ್ಬೇರಿಯಂ ಮೇಲೆ ಬಾಂಬ್ ಬಿದ್ದು ಬಹುಪಾಲು ಸುಟ್ಟುಹೋದಾಗ, ಬೇರೆ ದೇಶಗಳಲ್ಲಿದ್ದ ಜೋಡಿ ಶೀಟುಗಳೇ ಗತಿಯಾದವು.

ನನ್ನ ವಾದ ಇಷ್ಟೇ. ಇಲ್ಲಿಯ ಸಣ್ಣ ಹರ್ಬೇರಿಯಂಗೆ ಹೊಸ ಗಿಡ ತರುವವರೇ ಸಿಗುವುದಿಲ್ಲ. ನಮ್ಮಲ್ಲಿ ಪ್ರತಿ ವರ್ಷ ಪ್ರತಿ ಜಿಲ್ಲೆಯಲ್ಲೂ ಮಕ್ಕಳು ಗಿಡ ಹುಡುಕಿಕೊಂಡು ಹೊರಡುತ್ತಾರೆ. ಅವರಿಗೆ ಐವತ್ತು ಶೀಟು ಅಂತ ಹೇಳಿದರೆ ಹಾಸ್ಟೆಲ್ ಹಿಂದಿನ ತುಂಬೆ, ಉತ್ತರಾಣಿಯೇ ಬರುವುದು. ಜೊತೆಗೆ ಸೀನಿಯರ್ ಕೊಟ್ಟ ಹಳೇ ಕಟ್ಟು. ಐದೇ ಶೀಟು ಕೇಳಿ. ಆದರೆ ಹಳ್ಳಿಯ ಹೆಸರು, ಮೊಬೈಲಿನ ಜಿಪಿಎಸ್ ಅಂಕಿ, ತಾರೀಕು, ಹೂವಿನ ಬಣ್ಣ, ಜೊತೆಗಿದ್ದ ಗಿಡಗಳು, ಊರವರು ಕರೆಯುವ ಹೆಸರು ಎಲ್ಲಾ ಇರಲಿ. ಸಿಕ್ಕಿದ್ದೇ ಒಂದು ಗಿಡವಾದರೆ ಕೀಳುವುದು ಬೇಡ, ಫೋಟೋ ಸಾಕು. ಅಂಕದ ಬಹುಪಾಲು ಲೇಬಲ್ಲಿಗೆ ಹೋಗಲಿ. ಚೆನ್ನಾಗಿರುವ ಶೀಟಿಗೆ ನಂಬರು ಹಾಕಿ ಬೀರುವಿನೊಳಗೆ ಇಡಿ, ಫೋಟೋ ತೆಗೆದು ನೆಟ್ಟಿಗೆ ಹಾಕಿ.

ಇನ್ನೊಂದು ಕಡೆ ಇಡಲು ಕಳಿಸುವ ಎರಡನೇ ಶೀಟು ಯಾರು ತಗೋತಾರೆ ಅನ್ನುವುದು ನಿಜವಾದ ತೊಡಕು. ದೊಡ್ಡ ಹರ್ಬೇರಿಯಂಗಳಲ್ಲೂ ಜಾಗ ಇಕ್ಕಟ್ಟು. ಸುಮ್ನೆ ಕಟ್ಟು ಕಟ್ಟಿ ಪಾರ್ಸೆಲ್ ಮಾಡಿದರೆ ಅವರಿಗೂ ತಲೆನೋವು. ಮೊದಲೇ ಮಾತಾಡಿ, ಅವರಲ್ಲಿ ಯಾವ ತಾಲೂಕಿನ ಗಿಡ ಕಮ್ಮಿ ಅಂತ ಕೇಳಿ, ಅಷ್ಟನ್ನೇ ಕಳಿಸಬೇಕು. ಜೊತೆಗೆ, ನಾಳೆ ನಮ್ಮ ಬಾಟನಿ ವಿಭಾಗ ಮುಚ್ಚಿದರೆ ಸಂಗ್ರಹ ಯಾರ ಪಾಲಾಗಬೇಕು ಅಂತ ಒಂದು ಕಾಗದ ಈಗಲೇ ಮಾಡಿಕೊಳ್ಳುವುದು ವಾಸಿ. ಬೀರುವಿನ ಕೀಲಿ ಹಿಡಿದ ಮೇಷ್ಟ್ರು ರಿಟೈರ್ ಆಗುವ ತನಕ ಕಾಯಬೇಡಿ.