ಬೂಮ್‌ಗೆ ಎಣ್ಣಿ ಹಚ್ಚಬ್ಯಾಡ್ರಿ

ನಿಮ್ಮ ಲೇಖನ ಚೊಲೋ ಐತ್ರಿ. ಆದ್ರ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗಿ ಮ್ಯಾಲ ನಿಂತು ನೀರಾಗ ಸಾಗೂ ಆಟ) ಬೂಮ್, ಅಂದ್ರ ಹಾಯಿ ಸಂಬಾಳಸಾಕ ಕೈಯಾಗ ಹಿಡಿಯೂ ಅಡ್ಡ ಕೊಳವಿ, ಬಾಳಿಕಿ ಬರಬೇಕಂದ್ರ ಕಾರ್ಬನ್ ಫೈಬರಿಂದೇ ತಗೋರಿ, ಉದ್ದ ಹೆಚ್ಚು ಕಡಿಮಿ ಮಾಡಾಕ ಒಳಗ ಹೊರಗ ಸರಿಯೂ ಹಿಂದಿನ ಕೊಳವಿಗೆ ಎಣ್ಣಿ ಹಚ್ರಿ ಅಂದೀರಲ್ಲ, ಎಣ್ಣಿ ಮಾತು ನಮ್ಮ ಕಡೆ ನಡ್ಯಾಂಗಿಲ್ಲ. ಆಲಮಟ್ಟಿ ಹಿನ್ನೀರಿನ ದಂಡ್ಯಾಗ ಇರೂದು ಎರಿ ಮಣ್ಣು. ಎಣ್ಣಿಗೆ ಅದು ಮೆತ್ತಿಕೊಂಡು ಉಸುಕಿನ ಕಾಗದದಂಗ ಕೊಳವಿ ಕೆರೀತೈತಿ, ಕಡೀಕ ಒಳಕೊಳವಿ ಜಗ್ಗಿದ್ರೂ ಬರಾಂಗಿಲ್ಲ. ಆಡಿ ಬಂದ ಮ್ಯಾಲ ಹಿಂದಿನ ತುಂಡು ಪೂರಾ ಬಿಚ್ಚಿ, ಎರಡೂ ಕೊಳವಿಯೊಳಗ ತಿಳಿ ನೀರು ಹಾಯಿಸಿ, ನೆರಳಾಗ ಒಣಗಿಸಿ, ಜೋಡಿಸದೇ ಇಡ್ರಿ. ಕಾರವಾರದ ಕಡೆ ಸಮುದ್ರಕ್ಕ ಒಯ್ದಿದ್ರಂತೂ ಅವತ್ತೇ ತೊಳೀಬೇಕು. ಉಪ್ಪು ಉಳದ್ರ ಅಲ್ಯೂಮಿನಿಯಂ ಸ್ಟೀಲಿಗೆ ತಾಗೂ ಜಾಗಾದಾಗ ಬಿಳಿ ಪುಡಿ ಎದ್ದು ತಿಂದು ಹಾಕತೈತಿ.

ಕಾರ್ಬನ್ ಬಿಗಿ, ಹಗೂರ, ಖರೆ. 7 ಚದರ ಮೀಟರಿಗಿಂತ ದೊಡ್ಡ ಹಾಯಿಗೆ ಅದರ ಲಾಭ ಗೊತ್ತಾಗತೈತಿ. 5–6ಕ್ಕ ಛಲೋ ಅಲ್ಯೂಮಿನಿಯಂ ಸಾಕು. ಅದು ಮುರಿಯೂ ಮುಂಚೆ ಹೆಚ್ಚಾಗಿ ಬಾಗಿ ತೋರಸತೈತಿ, ಪೆಟ್ಟು ತಿಂದ ಕಾರ್ಬನ್ ಒಮ್ಮಿಗೇ ಕೈ ಕೊಡಬಹುದು.

ಅಳತಿ ಭಾಳ ಮುಖ್ಯ. ಹಾಯಿಗೆ 190 ಸೆಂ.ಮೀ. ಉದ್ದದ ಬೂಮ್ ಬೇಕಂದ್ರ 140ರಿಂದ 190ರ ತನಕ ಉದ್ದ ಆಗೂದು ತಗೊಂಡು ತುದಿತನಕ ಎಳೀಬ್ಯಾಡ್ರಿ. ಒಳಗ ಉಳಿಯೂ ಕೊಳವಿ ಸಣ್ಣದಾಗಿ, ಉದ್ದ ಹಿಡಿದಿಡೂ ಪಿನ್ನಿನ ತೂತಿನ ಹಂತೇಲೆ ಸೀಳು ಬಿಡತೈತಿ. 160–210ರದ್ದು ತಗೋರಿ.

ತೆಳು ಮಾಸ್ಟಿಗೆ (ಹಾಯಿ ನಿಲ್ಲಿಸೂ ಕಂಬ) ಅಡಾಪ್ಟರ್ (ಸಂದು ತುಂಬೂ ತುಂಡು) ಇಲ್ದ ಬೂಮಿನ ಮುಂದಿನ ಹಿಡಿಕಿ ಬಿಗಿದ್ರ ಮಾಸ್ಟೇ ಹೋಗತೈತಿ, ಬೂಮ್ ಅಲ್ಲ. ಬೂಮಿಗೆ ಕಟ್ಟಿ ನಡುಪಟ್ಟಿಯ ಕೊಕ್ಕಿಗೆ ಸಿಗಿಸೂ ಹಾರ್ನೆಸ್ ಹಗ್ಗ ಆಗಾಗ ಸರಿಸಿ ಅದರ ಕೆಳಗ ನೋಡ್ರಿ, ಬಿರುಕು ಅಡಗಿರೂದು ಅಲ್ಲೇ. ಮತ್ತ ವಿಜಯಪುರದ ಬ್ಯಾಸಗಿ ಬಿಸಿಲಾಗ ಕಾರಿನ ಮ್ಯಾಲ ಬಿಟ್ರ ಗ್ರಿಪ್ಪಿನ ಅಂಟು ಬಿಡತೈತಿ.