ಹಾಡು ಇರಲಿ, ಪಾರ್ಟಿಗೆ ಯಾರ್ಯಾರು ಬಂದಿದ್ರು?

ಅಥೆನ್ಸ್‌ನಲ್ಲಿ ಗಾಂಧೀಜಿ ಹೈಹೀಲ್ಸ್ ಹಾಕಿಕೊಂಡು ನಿಂತಿದ್ದಾರೆ. ಇದು ನನ್ನ ಮಾತಲ್ಲ, ಪ್ರತಿಮೆ ನೋಡಿದವರು ಆಡಿಕೊಂಡದ್ದು. 2021ರಲ್ಲಿ ಅಕ್ರೊಪೊಲಿಸ್ ಬೆಟ್ಟದ ಬುಡದಲ್ಲಿ ಒಪೆರಾ ಗಾಯಕಿ ಮರಿಯಾ ಕ್ಯಾಲಸ್ ಅವರ ಬಂಗಾರದ ಬಣ್ಣದ ಪ್ರತಿಮೆ ನಿಲ್ಲಿಸಿದರು. ಜನರಿಗೆ ಅದರಲ್ಲಿ ಕ್ಯಾಲಸ್ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಕಂಡರು. ಒಬ್ಬರಿಗೆ ಆಸ್ಕರ್ ಗೊಂಬೆ, ಇನ್ನೊಬ್ಬರಿಗೆ ಹೈಹೀಲ್ಸ್ ತೊಟ್ಟ ಗಾಂಧಿ. ಪಾಪ, ಬಾಪೂಗೆ ಯಾವ ಸಂಬಂಧ? 1930ರಲ್ಲಿ ಆ ಚಪ್ಪಲಿ ಕೊಟ್ಟಿದ್ದರೆ ಉಪ್ಪು ಕೈಗೆ ಸಿಗುವ ಮೊದಲೇ ಕಾಲು ಉಳುಕುತ್ತಿತ್ತು.

ಅದಾಗಿ ಎರಡು ವರ್ಷಕ್ಕೆ ಕ್ಯಾಲಸ್ ಹುಟ್ಟಿ ನೂರು ವರ್ಷ ತುಂಬಿತು. ಅದೇ ಊರಿನ ನಡುಮಧ್ಯೆ, ಮಿತ್ರೊಪೊಲಿಯೊಸ್ ಬೀದಿಯಲ್ಲಿ, ಅವರ ಹೆಸರಿನ ಮ್ಯೂಸಿಯಂ ಶುರುವಾಯಿತು. ಉಡುಪು, ಪತ್ರ, ಫೋಟೊ, ರೆಕಾರ್ಡು ಎಲ್ಲ ಇವೆ. ದನಿಯನ್ನೂ ಕೇಳಿಸುತ್ತಾರೆ, ಸುಮ್ನೆ ದೂರಬಾರದು. 1945ರಲ್ಲಿ ಇದೇ ಅಥೆನ್ಸಿನ ಒಪೆರಾದವರು ಈ ಹುಡುಗಿಯ ಒಪ್ಪಂದವನ್ನು ಮುಂದುವರಿಸದೆ ಕಳಿಸಿದ್ದರು. ಈಗ ಬಟ್ಟೆಬರೆಗೂ ಜಾಗ ಕೊಟ್ಟಿದ್ದಾರೆ. ಸಂತೋಷವೇ.

ಆದರೆ ಕಷ್ಟ ಇರೋದು ಬೇರೆ ಕಡೆ. ದನಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಚೀಟಿ ಅಂಟಿಸೋಕೆ ಆಗಲ್ಲ. ಕೈಗವಸಿಗೆ ಅಂಟಿಸಬಹುದು. ಅದರ ಮುಂದೆ ನಿಂತವರು "ಈ ಕೈ ಎತ್ತಿ ಯಾವ ರಾಗ ಹಾಡಿದರು" ಅಂತ ಕೇಳ್ತಾರಾ? "ಈ ಕೈಯನ್ನ ಹಿಡಕೊಂಡಿದ್ದು ಯಾರು" ಅಂತ ಕೇಳ್ತಾರೆ. ಹಾಗಾಗಿ ನನ್ನದೊಂದು ಸಲಹೆ. ಮುಚ್ಚುಮರೆ ಯಾಕೆ? ಸಂಗೀತದ ಸೋಗು ಬಿಟ್ಟು, ಕ್ಯಾಲಸ್ ಯಾರ ಜತೆ ಓಡಾಡಿದರು, ಯಾರ ಜತೆ ಉಂಡರು ಅನ್ನೋದಕ್ಕೇ ಒಂದು ಪ್ರದರ್ಶನ ಇಟ್ಟುಬಿಡಿ. ಸಾಮಾನು ಬೇಕಾದಷ್ಟಿದೆ.

ಬಾಗಿಲಲ್ಲೇ 1955ರ ಷಿಕಾಗೊ ಫೋಟೊ ಹಾಕಿ. ಪುಚ್ಚೀನಿಯ ಒಪೆರಾ 'ಮೇಡಮ್ ಬಟರ್‌ಫ್ಲೈ'ಯ ಪಾತ್ರ ಮುಗಿಸಿ, ಇನ್ನೂ ಕಿಮೊನೊ ಬಿಚ್ಚಿಲ್ಲ, ಅಷ್ಟರಲ್ಲಿ ಕೋರ್ಟಿನ ಕಡೆಯವರು ರಂಗದ ಹಿಂದೆ ನುಗ್ಗಿ ಸಮನ್ಸ್ ಹಿಡಿಸಿದರು. ಕ್ಯಾಲಸ್ ಸಿಟ್ಟಿನಿಂದ ಬಾಯಿ ತೆರೆದರು, ಫೋಟೊದವನು ಕ್ಲಿಕ್ ಮಾಡಿದ. ಹಿಂದಿನ ಕ್ಷಣದವರೆಗೆ ಅದೇ ಬಾಯಿಂದ ಪುಚ್ಚೀನಿಯ ಸಂಗೀತ ಬರುತ್ತಿತ್ತು. ಲೋಕವೆಲ್ಲ ಸುತ್ತಿದ್ದು ಬೈಯುವ ಬಾಯಿ.

ಅದರ ಪಕ್ಕದಲ್ಲಿ ಒಂದು ಪೊಟ್ಟಣ ಪಾಸ್ತಾ ಇಡಿ. ತಮಾಷೆಯಲ್ಲ, ಇದಕ್ಕೂ ಕತೆ ಇದೆ. 1953-54ರ ಹೊತ್ತಿಗೆ ಕ್ಯಾಲಸ್ 30 ಕೆಜಿಗೂ ಜಾಸ್ತಿ ಇಳಿದರು. ಲಾಡಿಹುಳು ನುಂಗಿ ಸಣ್ಣಗಾದರು ಅಂತ ಗಾಳಿಮಾತು ಹಬ್ಬಿತು. ರೋಮಿನ ಪಾಸ್ತಾ ಕಂಪನಿಯೊಂದು ಇನ್ನೂ ಮುಂದೆ ಹೋಗಿ, ನಮ್ಮ ಪಾಸ್ತಾ ತಿಂದೇ ಇಳಿದದ್ದು ಅಂತ ಜಾಹೀರಾತು ಕೊಟ್ಟಿತು. ಪಾಸ್ತಾ ತಿಂದು ಸಣ್ಣಗಾಗೋದು ಅಂದರೆ ಹೋಳಿಗೆ ತಿಂದು ಶುಗರ್ ಇಳಿಸಿದ ಹಾಗೆ. ಅವರು ಕೋರ್ಟಿಗೆ ಹೋದರು, ಗೆದ್ದರು. ಒಪೆರಾ ಚರಿತ್ರೆಯಲ್ಲಿ ಶ್ಯಾವಿಗೆ ವಿರುದ್ಧ ಗೆದ್ದ ಗಾಯಕಿ ಬೇರೆ ಯಾರಿದ್ದಾರೋ ನಾ ಕಾಣೆ.

ಇನ್ನು 1957. ಎಡಿನ್‌ಬರೊ ಉತ್ಸವದಲ್ಲಿ ನಾಲ್ಕು ಪ್ರದರ್ಶನಕ್ಕೆ ಒಪ್ಪಿದ್ದರು, ನಾಲ್ಕೂ ಹಾಡಿದರು. ಇವರನ್ನು ಕೇಳದೆ ಐದನೆಯದನ್ನೂ ಸೇರಿಸಿಬಿಟ್ಟಿದ್ದರು. ನನಗೆ ದಣಿವಾಗಿದೆ ಅಂತ ಕ್ಯಾಲಸ್ ಹೊರಟರು. ಕೆಲವೇ ದಿನಕ್ಕೆ ಕಾಣಿಸಿಕೊಂಡದ್ದು ವೆನಿಸ್‌ನಲ್ಲಿ, ಗಾಸಿಪ್ ಅಂಕಣಗಾರ್ತಿ ಎಲ್ಸಾ ಮ್ಯಾಕ್ಸ್‌ವೆಲ್ ಕೊಟ್ಟ ಪಾರ್ಟಿಯಲ್ಲಿ! ಪೇಪರಿನವರಿಗೆ ಹಬ್ಬ. ಆ ಐದನೆಯ ಪ್ರದರ್ಶನವನ್ನು 23ರ ಹುಡುಗಿ ರೆನಾಟಾ ಸ್ಕಾಟೊ ಹಾಡಿ ರಾತ್ರೋರಾತ್ರಿ ಹೆಸರು ಮಾಡಿದರು. ಅದು ಸಂಗೀತದ ಸುದ್ದಿ, ಹಾಗಾಗಿ ಮೂಲೆ ಸೇರಿತು. ಪಾರ್ಟಿಯಲ್ಲಿ ಹಡಗುಗಳ ಸಾಹುಕಾರ ಅರಿಸ್ಟಾಟಲ್ ಒನಾಸಿಸ್ ಪರಿಚಯವಾದರು. ಇದು ಮುಖಪುಟಕ್ಕೆ ಬಂತು, ಇನ್ನೂ ಇಳಿದಿಲ್ಲ.

ಒನಾಸಿಸ್ ಹೆಸರು ಬಂದ ಮೇಲೆ ಗೋಡೆ ಸಾಲದು, ಹಡಗೇ ಬೇಕು. 'ಕ್ರಿಸ್ಟಿನಾ' ಮೊದಲು ಕೆನಡಾ ನೌಕಾಪಡೆಯ ಯುದ್ಧನೌಕೆ. ಒನಾಸಿಸ್ ಕೊಂಡು ಅದನ್ನು ತೇಲುವ ಅರಮನೆ ಮಾಡಿದರು, ಮಗಳ ಹೆಸರಿಟ್ಟರು. ಈಜುಕೊಳದ ತಳವನ್ನು ಮೇಲಕ್ಕೆತ್ತಿದರೆ ಅದೇ ಡ್ಯಾನ್ಸ್ ಮಾಡುವ ಜಾಗ. ಬಾರ್‌ನ ಸ್ಟೂಲ್‌ಗಳಿಗೆ ತಿಮಿಂಗಿಲದ ಚರ್ಮ. ಮೈಯ ಯಾವ ಭಾಗದ್ದು ಅಂತ ಕೇಳಬೇಡಿ, ಮನೆಮಂದಿಯೆಲ್ಲ ಓದುವ ಅಂಕಣ ಇದು. 1959ರ ಬೇಸಿಗೆಯಲ್ಲಿ ಈ ಹಡಗಿನಲ್ಲಿ ಕ್ಯಾಲಸ್, ಅವರ ಗಂಡ ಮೆನೆಗಿನಿ, ಒನಾಸಿಸ್, ಅವರ ಹೆಂಡತಿ ಟೀನಾ, ಜತೆಗೆ ಚರ್ಚಿಲ್ ಸಾಹೇಬರು, ಎಲ್ಲ ಕೂಡಿ ಪ್ರವಾಸ ಹೊರಟರು. ಹತ್ತುವಾಗ ಎರಡು ಸಂಸಾರ ಇದ್ದವು. ಇಳಿಯುವಾಗ ಲೆಕ್ಕ ತಪ್ಪಿತ್ತು. ಎರಡನೇ ಮಹಾಯುದ್ಧವನ್ನು ಕಂಡವರಿಗೆ ಇದೆಲ್ಲ ಯಾವ ಲೆಕ್ಕ ಬಿಡಿ. ಹಡಗು ಈಗಲೂ ಬಾಡಿಗೆಗೆ ಸಿಗುತ್ತದೆ. ಕಾಸಿದ್ದವರು ಪ್ರದರ್ಶನದ ಒಳಗೇ ಹಾಸಿಗೆ ಹಾಸಿ ಮಲಗಬಹುದು.

ಒಂದೇ ಒಂದು ಸಾಮಾನು ಈ ಸಾಲಿಗೆ ಸೇರುವುದಿಲ್ಲ. ಕ್ಯಾಲಸ್ ಅವರ ದಪ್ಪ ಗಾಜಿನ ಕನ್ನಡಕ. ಅವರಿಗೆ ದೂರದ್ದು ಕಾಣುತ್ತಲೇ ಇರಲಿಲ್ಲ. ರಂಗಕ್ಕೆ ಹೋಗುವಾಗ ಕನ್ನಡಕ ತೆಗೆದಿಟ್ಟು ಹೋಗಬೇಕು. ಆಮೇಲೆ ಎದುರಿಗೆ ಕೋಲು ಆಡಿಸುವ ಕಂಡಕ್ಟರ್ ಬರೀ ಮಸುಕು. ಅದಕ್ಕೇ ಪೂರ್ತಿ ಒಪೆರಾವನ್ನು, ವಾದ್ಯದವರ ಭಾಗವನ್ನೂ ಸೇರಿಸಿ, ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಮಿಲಾನ್ ನಗರದ ಒಪೆರಾ ಮಂದಿರ ಲಾ ಸ್ಕಾಲಾದ ಮೊದಲ ಸಾಲಲ್ಲಿ ವಜ್ರ ಮಿಂಚಿಸಿಕೊಂಡು ಕೂತವರು ಯಾರು ಅಂತ ಅವರಿಗೆ ಕಾಣುತ್ತಲೂ ಇರಲಿಲ್ಲ. ಈ ಕನ್ನಡಕಕ್ಕೆ ಎಲ್ಲಿ ಜಾಗ ಮಾಡೋದು? ಹಡಗಿನ ಫೋಟೊಗಳ ನಡುವೆ ಇಟ್ಟರೆ ಅಂದಗೆಡುತ್ತದೆ. ಮೆಟ್ಟಿಲ ಕೆಳಗೆ ಇಡಿ.

ಇಷ್ಟು ಬರೆದು, ಪಾಪಪ್ರಜ್ಞೆ ಕಾಡಿ, ನಿನ್ನೆ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಅವರು ಹಾಡಿದ 'ನಾರ್ಮಾ' ಒಪೆರಾ ಕೇಳಲು ಕೂತೆ. ಚಂದ್ರನನ್ನು ಬೇಡುವ 'ಕಾಸ್ಟಾ ದಿವಾ'. ಕೊಳಲು ಶುರುವಾಯಿತು, ದನಿ ಮೆಲ್ಲಗೆ ಎದ್ದಿತು. ಈ ನಾರ್ಮಾ ಯಾರು? ರೋಮನ್ ಅಧಿಕಾರಿಯನ್ನು ನಂಬಿದವಳು. ಅವನು ಇನ್ನೊಬ್ಬಳ ಹಿಂದೆ ಹೋಗುತ್ತಾನೆ. ಅರೆ, ಒನಾಸಿಸ್ ಕೂಡ 1968ರಲ್ಲಿ ಜಾಕೆಲಿನ್ ಕೆನಡಿಯನ್ನು ಮದುವೆಯಾದರಲ್ವಾ? ತನ್ನದೇ ಸ್ಕಾರ್ಪಿಯೊಸ್ ದ್ವೀಪದಲ್ಲಿ? ಮದುವೆಗೆ ಯಾರ್ಯಾರು ಬಂದಿದ್ರು? ಹುಡುಕಿದೆ. ಸೀರೆ ನೋಡುವ ಹಾಗೆ ಮದುವೆ ಫೋಟೊಗಳನ್ನು ಒಂದೊಂದೇ ದೊಡ್ಡದು ಮಾಡಿ ನೋಡಿದೆ. ಕಿವಿಯಲ್ಲಿ ಹಾಡು ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ.